ಅಂಕಿಗಳ ಪೂರ್ವೋತ್ತರ

ನದಿಯ ಮೂಲವನ್ನೂ ಋಷಿಯ ಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಅದೇ ಹಿರಿಯರು ಮನೆಗೆ ಸೊಸೆ ತರುವಾಗ, ಹೊಲ ಕೊಳ್ಳುವಾಗ, ಸಾಲಪತ್ರಕ್ಕೆ ರುಜು ಹಾಕುವಾಗ ಪೂರ್ವೋತ್ತರ ವಿಚಾರಿಸದೆ ಬಿಟ್ಟವರಲ್ಲ. ಯಾವ ಊರು, ಯಾರ ಮನೆತನ, ಪತ್ರ ಬರೆದವರು ಯಾರು, ಸಾಕ್ಷಿ ಹಾಕಿದವರು ಯಾರು ಎಂಬುದನ್ನು ತಿಳಿದ ಮೇಲೆಯೇ ಮುಂದಿನ ಮಾತು. ನಮ್ಮ ನಾಡಿನ ಶಾಸನಗಳನ್ನೇ ನೋಡಬಹುದು. ಆಳುವ ಅರಸನ ಹೆಸರು, ಶಕವರ್ಷ, ಸಂವತ್ಸರ, ಮಾಸ, ತಿಥಿ, ದತ್ತಿ ಬಿಟ್ಟವನ ಹೆಸರು, ಗದ್ದೆಯ ಎಲ್ಲೆಗಳು, ಹಲವು ವೇಳೆ ಪಾಠ ಬರೆದವನ ಮತ್ತು ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಸಹ ಅವುಗಳಲ್ಲಿ ಇರುತ್ತವೆ. ಅದರಿಂದಲೇ ಎಷ್ಟೋ ಶತಮಾನಗಳ ಅನಂತರವೂ ಇತಿಹಾಸಕಾರರು ಆ ಕಲ್ಲಿನ ಮಾತನ್ನು ನಂಬುತ್ತಾರೆ.

ಭೂಮಿಯ ಮೇಲಿನ ಒಂದು ಗದ್ದೆಗೆ ಇಷ್ಟು ಎಚ್ಚರವಾದರೆ ಆಕಾಶದ ನಕ್ಷತ್ರಗಳಿಗೆ ಎಷ್ಟಿರಬೇಡ? ರಸಾಯನಶಾಸ್ತ್ರಜ್ಞನಿಗೆ ಅನುಮಾನ ಬಂದರೆ ನಾಳೆ ಅದೇ ಪ್ರಯೋಗವನ್ನು ಮತ್ತೊಮ್ಮೆ ಮಾಡಿ ನೋಡಬಹುದು. ಖಗೋಳಜ್ಞನಿಗೆ ಆ ಸೌಕರ್ಯವಿಲ್ಲ. ಕಳೆದುಹೋದ ರಾತ್ರಿಯನ್ನು ಯಾರೂ ಮರಳಿ ತರಲಾರರು. ಆ ರಾತ್ರಿ ಕಂಡದ್ದಕ್ಕೆ ಉಳಿಯುವ ಸಾಕ್ಷಿಯೆಂದರೆ ಕಾಗದದ ಮೇಲಿನ ನಾಲ್ಕು ಅಂಕಿಗಳು ಮಾತ್ರ. ಕಂಡವರು ಯಾರು, ಎಲ್ಲಿ ನಿಂತು ಕಂಡರು, ಯಾವ ಉಪಕರಣದಿಂದ, ಯಾವ ಗಡಿಯಾರವನ್ನು ನಂಬಿ, ಆಮೇಲೆ ಆ ಅಂಕಿಗೆ ಯಾವ ಯಾವ ತಿದ್ದುಪಡಿ ಮಾಡಿದರು ಎಂಬ ವಿವರ ಜತೆಯಲ್ಲಿ ಇಲ್ಲದಿದ್ದರೆ ಆ ಅಂಕಿ ಅನಾಥ. ಮಾತು ಇಷ್ಟು ಸರಳವಾದರೂ ಅದನ್ನು ಒಂದು ಕಟ್ಟಳೆಯಾಗಿ ಬರೆದು ಎಲ್ಲರೂ ಒಪ್ಪಿಕೊಳ್ಳಲು ಹತ್ತಿರ ಹತ್ತಿರ ಎರಡು ಸಾವಿರ ವರ್ಷ ಹಿಡಿಯಿತು.

ಅಲೆಕ್ಸಾಂಡ್ರಿಯದ ವ್ಯಾಜ್ಯ

ಕ್ರಿ.ಶ. 2ನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿದ್ದ ಟಾಲೆಮಿ ಸಾವಿರಕ್ಕೂ ಮೇಲ್ಪಟ್ಟ ನಕ್ಷತ್ರಗಳ ಸ್ಥಾನಗಳನ್ನು ಪಟ್ಟಿಮಾಡಿ ತನ್ನ ‘ಆಲ್ಮಜೆಸ್ಟ್’ ಗ್ರಂಥದಲ್ಲಿ ಸೇರಿಸಿದ. ಅರಬರೂ ಐರೋಪ್ಯರೂ ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಅದನ್ನೇ ಪ್ರಮಾಣವೆಂದು ಹಿಡಿದು ನಡೆದರು. ನಕ್ಷತ್ರಗಳನ್ನು ತಾನೇ ಅಳೆದುದಾಗಿ ಟಾಲೆಮಿ ಹೇಳಿಕೊಂಡಿದ್ದಾನೆ. ಆದರೆ ಅವನಿಗಿಂತ ಎರಡೂವರೆ ಶತಮಾನಕ್ಕೂ ಹಿಂದೆ ಹಿಪ್ಪಾರ್ಕಸ್ ಎಂಬ ಗ್ರೀಕ್ ಖಗೋಳಜ್ಞ ಇಂಥದೇ ಪಟ್ಟಿಯೊಂದನ್ನು ಮಾಡಿದ್ದ. ಅದು ಕಾಲಗರ್ಭದಲ್ಲಿ ಅಡಗಿಹೋಗಿತ್ತು.

ಅನುಮಾನ ಹುಟ್ಟಿದ್ದು ಹೀಗೆ. ಅಯನಚಲನದಿಂದಾಗಿ ನಕ್ಷತ್ರಗಳ ರೇಖಾಂಶ ಸುಮಾರು 72 ವರ್ಷಕ್ಕೆ ಒಂದು ಅಂಶದಂತೆ ಹೆಚ್ಚುತ್ತ ಹೋಗುತ್ತದೆ. ಟಾಲೆಮಿ ಅದನ್ನು 100 ವರ್ಷಕ್ಕೆ ಒಂದು ಅಂಶವೆಂದು ಎಣಿಸಿದ್ದ. ಅವನ ಪಟ್ಟಿಯ ರೇಖಾಂಶಗಳಾದರೋ ಅವನ ಕಾಲಕ್ಕೆ ಇರಬೇಕಾದುದಕ್ಕಿಂತ ಸುಮಾರು ಒಂದು ಅಂಶ ಕಡಮೆ ಇವೆ. ಹಿಪ್ಪಾರ್ಕಸನ ಅಂಕಿಗಳಿಗೆ 2 ಅಂಶ 40 ಕಲೆಗಳನ್ನು ಕೂಡಿಸಿ ತನ್ನದೆಂದು ಬರೆದುಕೊಂಡಿದ್ದರೆ ಬರಬೇಕಾದ ತಪ್ಪು ಸರಿಯಾಗಿ ಇಷ್ಟೇ. ಹಾಗಾದರೆ ಟಾಲೆಮಿ ಕಳ್ಳನೆ? ಹೌದೆಂದು ವಾದಿಸಿ ಅಮೆರಿಕದ ರಾಬರ್ಟ್ ನ್ಯೂಟನ್ ಎಂಬ ವಿಜ್ಞಾನಿ 1977ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅಲ್ಲ, ಸೂರ್ಯನ ಸ್ಥಾನದ ಲೆಕ್ಕದಲ್ಲಿದ್ದ ದೋಷದಿಂದಲೂ ಇದೇ ತಪ್ಪು ಬರಬಹುದೆಂದು ಟಾಲೆಮಿಯ ಪರ ವಹಿಸಿದವರು ಉತ್ತರ ಕೊಟ್ಟರು.

2022ರಲ್ಲಿ ಈ ವ್ಯಾಜ್ಯಕ್ಕೆ ಹೊಸ ಸಾಕ್ಷಿಯೊಂದು ಬಂತು. ಸೈನಾಯ್ ಪರ್ವತದ ಮಠದಿಂದ ಬಂದ ಒಂದು ಹಳೆಯ ಚರ್ಮದ ಹಸ್ತಪ್ರತಿಯಲ್ಲಿ ಮೊದಲಿದ್ದ ಗ್ರೀಕ್ ಬರಹವನ್ನು ಕೆರೆದುಹಾಕಿ ಅದರ ಮೇಲೆ ಸಿರಿಯಾಕ್ ಭಾಷೆಯ ಧಾರ್ಮಿಕ ಬರಹವನ್ನು ಬರೆದಿದ್ದರು. ಬಗೆಬಗೆಯ ಬಣ್ಣದ ಬೆಳಕಿನಲ್ಲಿ ಚಿತ್ರ ತೆಗೆದಾಗ ಅಳಿಸಿದ ಅಕ್ಷರಗಳು ಎದ್ದುಬಂದವು. ‘ಉತ್ತರ ಕಿರೀಟ’ ಎಂಬ ನಕ್ಷತ್ರಪುಂಜದ ಅಳತೆಗಳು ಅಲ್ಲಿದ್ದವು. ಅಯನಚಲನದ ಲೆಕ್ಕ ಹಾಕಿ ನೋಡಿದರೆ ಅವು ಹಿಪ್ಪಾರ್ಕಸನ ಕಾಲಕ್ಕೆ ಒಪ್ಪುತ್ತವೆ. ಟಾಲೆಮಿಯ ಅಂಕಿಗಳೊಡನೆ ಪೂರ್ತಿ ಹೊಂದುವುದಿಲ್ಲ. ಟಾಲೆಮಿ ಆ ಪಟ್ಟಿಯನ್ನು ಸುಮ್ಮನೆ ನಕಲು ಮಾಡಿರಲಾರ ಎಂದು ಅದನ್ನು ಓದಿದ ವಿದ್ವಾಂಸರು ಹೇಳಿದರು. ಕೆಲವೇ ನಕ್ಷತ್ರಗಳ ಸಾಕ್ಷಿಯಿಂದ ವಾದ ಮುಗಿಯುವಂತಿಲ್ಲ, ನಿಜ. ಆದರೆ ಪ್ರತಿಯೊಂದು ನಕ್ಷತ್ರದ ಎದುರಿಗೆ ‘ಇದು ನಾನು ಕಂಡದ್ದು’, ‘ಇದು ಅವನಿಂದ ಪಡೆದದ್ದು’ ಎಂದು ಎರಡು ಶಬ್ದ ಬರೆದಿದ್ದರೆ ಇಷ್ಟೆಲ್ಲ ಬೇಕೇ ಇರಲಿಲ್ಲ.

ಕೈಬಿಟ್ಟ ಒಂದು ಸಾಲು

ಟಾಲೆಮಿ ಕೊಡಬೇಕಾದ್ದನ್ನು ಕೊಡಲಿಲ್ಲ. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಇದ್ದದ್ದನ್ನು ಬಿಟ್ಟ ಕಥೆಯೊಂದು ನಡೆಯಿತು. ಜೆರೋಮ್ ಲಲಾಂದ್ ಎಂಬ ಖಗೋಳಜ್ಞನ ಮೇಲ್ವಿಚಾರಣೆಯಲ್ಲಿ ಅಲ್ಲಿನ ಸೈನಿಕ ಶಾಲೆಯ ವೇಧಶಾಲೆಯಿಂದ ಸಾವಿರಾರು ನಕ್ಷತ್ರಗಳನ್ನು ಅಳೆಯುತ್ತಿದ್ದರು. 1795ರ ಮೇ 8ರಂದು ಒಂದು ಮಂದವಾದ ನಕ್ಷತ್ರದ ಸ್ಥಾನವನ್ನು ಗುರುತು ಹಾಕಿಕೊಂಡರು. ಎರಡು ದಿನ ಕಳೆದು ಮೇ 10ರಂದು ಮತ್ತೆ ನೋಡಿದರೆ ಅದೇ ನಕ್ಷತ್ರದ ಸ್ಥಾನ ಸ್ವಲ್ಪ ಬೇರೆಯಾಗಿ ಬಂತು. ನಕ್ಷತ್ರ ಎರಡು ದಿನದಲ್ಲಿ ಸರಿಯುವುದುಂಟೆ? ಮೊದಲ ಅಳತೆಯೇ ತಪ್ಪಿರಬೇಕೆಂದು ತೀರ್ಮಾನವಾಯಿತು. 1801ರಲ್ಲಿ ಅಚ್ಚಾದ ದೊಡ್ಡ ಗ್ರಂಥದಲ್ಲಿ ಮೇ 8ರ ಸಾಲು ಇಲ್ಲ. ಮೇ 10ರದು ಇದೆ, ಸಂದೇಹವನ್ನು ಸೂಚಿಸುವ ಎರಡು ಚುಕ್ಕೆಗಳೊಡನೆ.

1846ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಗಾಲೆ ನೆಪ್ಚೂನ್ ಗ್ರಹವನ್ನು ಕಂಡುಹಿಡಿದ. ಹೊಸ ಗ್ರಹದ ಕಕ್ಷೆಯನ್ನು ನಿರ್ಣಯಿಸಲು ಹಳೆಯ ಅಳತೆ ಏನಾದರೂ ಸಿಕ್ಕೀತೆ ಎಂದು ಅಮೆರಿಕದ ಸಿಯರ್ಸ್ ವಾಕರ್ ಲೆಕ್ಕವನ್ನು ಹಿಂದಕ್ಕೆ ನಡೆಸಿದ. ಲಲಾಂದನ ಪಟ್ಟಿಯ ಆ ಸಂದೇಹದ ನಕ್ಷತ್ರದ ಬಳಿಗೆ ಲೆಕ್ಕ ಬಂದು ನಿಂತಿತು. 1847ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ವೇಧಶಾಲೆಯಿಂದ ದೂರದರ್ಶಕವನ್ನು ಆ ಕಡೆ ತಿರುಗಿಸಿದಾಗ ಅಲ್ಲಿ ನಕ್ಷತ್ರವೇ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಮೂಲದ ಕೈಬರಹದ ದಿನಚರಿಗಳನ್ನು ತೆಗೆದು ನೋಡಿದರು. ಮೇ 8ರ ಸಾಲು ಅಲ್ಲಿ ಉಳಿದಿತ್ತು. ಎರಡು ದಿನಗಳ ವ್ಯತ್ಯಾಸ ಅಳತೆಯ ತಪ್ಪಾಗಿರಲಿಲ್ಲ, ಗ್ರಹದ ಚಲನೆಯಾಗಿತ್ತು.

ನೆಪ್ಚೂನನ್ನು 51 ವರ್ಷ ಮೊದಲೇ ಕಾಣುವ ಅವಕಾಶ ಕೈತಪ್ಪಿತೆಂದು ಈ ಕಥೆಯನ್ನು ಸಾಮಾನ್ಯವಾಗಿ ಮರುಕದಿಂದ ಹೇಳುವುದುಂಟು. ಅದರ ಇನ್ನೊಂದು ಮುಖವೂ ನಮ್ಮ ಗಮನಕ್ಕೆ ಬರಬೇಕು. ಅಚ್ಚಿನಲ್ಲಿ ಬಿಟ್ಟ ಸಾಲನ್ನು ದಿನಚರಿಯಲ್ಲಿ ಯಾರೂ ಹರಿದುಹಾಕಿರಲಿಲ್ಲ. ತಪ್ಪೆಂದು ತಿಳಿದದ್ದನ್ನೂ ಉಳಿಸಿದ್ದರಿಂದ ನೆಪ್ಚೂನಿನ ಕಕ್ಷೆಯನ್ನು ಅರ್ಧ ಶತಮಾನದಷ್ಟು ಹಿಂದಿನಿಂದ ಲೆಕ್ಕ ಹಾಕುವುದು ಸಾಧ್ಯವಾಯಿತು.

ಕಣ್ಣಿನ ಲೆಕ್ಕ

ಅದೇ ಕಾಲದಲ್ಲಿ ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯಲ್ಲಿ ಮಾಸ್ಕಲಿನ್ ಮುಖ್ಯಸ್ಥನಾಗಿದ್ದ. ಡೇವಿಡ್ ಕಿನ್ನೆಬ್ರೂಕ್ ಎಂಬ ತರುಣ ಅವನ ಸಹಾಯಕ. ನಕ್ಷತ್ರವೊಂದು ದೂರದರ್ಶಕದ ಒಳಗಿನ ತಂತಿಯನ್ನು ದಾಟುವ ಗಳಿಗೆಯನ್ನು ಗುರುತಿಸುವುದು ಇವರ ಕೆಲಸ. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಟಿಕ್ ಟಿಕ್ ಶಬ್ದದ ಮೇಲೆ. ಎರಡನ್ನೂ ಹೊಂದಿಸಿ ಸೆಕೆಂಡಿನ ಹತ್ತನೆಯ ಭಾಗದವರೆಗೆ ಅಂದಾಜು ಮಾಡಬೇಕು. ಕಿನ್ನೆಬ್ರೂಕನ ಅಂಕಿಗಳು ಯಜಮಾನನವಕ್ಕಿಂತ ಸೆಕೆಂಡಿನ ಹತ್ತರಲ್ಲಿ ಎಂಟು ಪಾಲು ತಡವಾಗಿ ಬರತೊಡಗಿದವು. ಆಕಾಶ ಒಂದು ಸೆಕೆಂಡಿಗೆ 15 ವಿಕಲೆಗಳಷ್ಟು ತಿರುಗುವುದರಿಂದ ಇದು ಅಲ್ಪ ದೋಷವಲ್ಲ. ಎಚ್ಚರಿಕೆ ಕೊಟ್ಟರೂ ಸರಿಹೋಗಲಿಲ್ಲ. 1796ರಲ್ಲಿ ಅವನಿಗೆ ಕೆಲಸ ಹೋಯಿತು.

ಮಾಸ್ಕಲಿನ್ ಕಠಿಣನಾದರೂ ಪ್ರಾಮಾಣಿಕ. ಸಹಾಯಕನನ್ನು ತೆಗೆದುಹಾಕಿದ ಕಾರಣವನ್ನು ಅಂಕಿಗಳ ಸಮೇತ ವೀಕ್ಷಣೆಯ ಸಂಪುಟದಲ್ಲಿ ಅಚ್ಚುಹಾಕಿಸಿದ. ಇಪ್ಪತ್ತು ವರ್ಷಗಳಾದ ಮೇಲೆ ಜರ್ಮನಿಯ ಬೆಸೆಲ್ ಈ ಪ್ರಸಂಗವನ್ನು ತಿಳಿದು ಯೋಚನೆಗೆ ಬಿದ್ದ. ತಾನೇ ಇತರ ಅನುಭವಿಗಳ ಜತೆ ಕುಳಿತು ಅದೇ ನಕ್ಷತ್ರಗಳನ್ನು ನೋಡಿದ. ನುರಿತವರ ನಡುವೆಯೂ ಒಂದು ಸೆಕೆಂಡಿಗೂ ಮಿಕ್ಕ ವ್ಯತ್ಯಾಸ ಕಂಡಿತು. ಅಂದಮೇಲೆ ಕಿನ್ನೆಬ್ರೂಕ್ ಸೋಮಾರಿಯಾಗಿರಲಿಲ್ಲ. ಅವನ ಕಣ್ಣು ಕಿವಿಗಳ ಹೊಂದಾಣಿಕೆ ಬೇರೆ, ಮಾಸ್ಕಲಿನ್ನನದು ಬೇರೆ. ಯಾರ ಅಳತೆ ಎಂಬುದನ್ನು ಬರೆದಿಟ್ಟರೆ ಆ ವ್ಯತ್ಯಾಸವನ್ನು ಲೆಕ್ಕದಲ್ಲಿ ಕಳೆಯಬಹುದು. ಅಲ್ಲಿಂದ ಮುಂದೆ ವೀಕ್ಷಕನ ಹೆಸರು ಬರಿಯ ಗೌರವದ ಮಾತಾಗಿ ಉಳಿಯದೆ ಲೆಕ್ಕದ ಒಂದು ಅಂಗವಾಯಿತು. ಇದನ್ನು ಕೇಳಿ ಸಮಾಧಾನಪಡಲು ಕಿನ್ನೆಬ್ರೂಕ್ ಇರಲಿಲ್ಲ. ಆತ 1802ರಲ್ಲೇ ತೀರಿಹೋಗಿದ್ದ.

ಇದೇ ಬೆಸೆಲ್ 1818ರಲ್ಲಿ ಇನ್ನೊಂದು ದೊಡ್ಡ ಕೆಲಸವನ್ನು ಮುಗಿಸಿದ. ಮಾಸ್ಕಲಿನ್ನನಿಗೂ ಹಿಂದೆ ಗ್ರೀನಿಚ್ಚಿನ ಮುಖ್ಯಸ್ಥನಾಗಿದ್ದು 1762ರಲ್ಲಿ ತೀರಿಕೊಂಡ ಬ್ರಾಡ್ಲಿಯ ವೀಕ್ಷಣೆಗಳನ್ನು ಮೊದಲಿನಿಂದ ಲೆಕ್ಕ ಹಾಕಿ ಮೂರು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ನಿಖರವಾದ ಪಟ್ಟಿಯನ್ನು ಕೊಟ್ಟ. ಬೇರೊಬ್ಬನ ಹಳೆಯ ಕಾಗದಗಳಿಂದ ಇದು ಹೇಗೆ ಸಾಧ್ಯವಾಯಿತು? ಬ್ರಾಡ್ಲಿ ತಾನು ಓದಿದ ಅಂಕಿಯನ್ನು ಓದಿದ ಹಾಗೆಯೇ ಬರೆದಿದ್ದ. ಅದರ ಜತೆಗೆ ವಾಯುಭಾರಮಾಪಕ ಎಷ್ಟಿತ್ತು, ಉಷ್ಣಮಾಪಕ ಎಷ್ಟಿತ್ತು ಎಂಬುದನ್ನೂ ಗುರುತು ಹಾಕಿದ್ದ. ಗಾಳಿಯಲ್ಲಿ ಬೆಳಕು ಎಷ್ಟು ಬಾಗುತ್ತದೆಂಬುದು ಅವೆರಡನ್ನು ಅವಲಂಬಿಸಿರುವುದರಿಂದ, ಅರ್ಧ ಶತಮಾನದ ಮೇಲೆ ಬೆಸೆಲ್ ತನ್ನ ಕಾಲದ ಉತ್ತಮ ಸೂತ್ರದಿಂದ ತಿದ್ದುಪಡಿ ಮಾಡಲು ಅನುವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಔವರ್ಸ್ ಎಂಬ ಜರ್ಮನ್ ಖಗೋಳಜ್ಞ ಅದೇ ಕಾಗದಗಳನ್ನು ಮತ್ತೊಮ್ಮೆ ಲೆಕ್ಕಕ್ಕೆ ತೆಗೆದುಕೊಂಡ. ತಿದ್ದಿದ ಅಂಕಿಯನ್ನು ಮಾತ್ರ ಉಳಿಸಿ ಓದಿದ ಅಂಕಿಯನ್ನು ಎಸೆದಿದ್ದರೆ ಬ್ರಾಡ್ಲಿಯ ಶ್ರಮ ಬ್ರಾಡ್ಲಿಯ ಸೂತ್ರಗಳೊಡನೆಯೇ ಮುಪ್ಪಾಗುತ್ತಿತ್ತು.

ಗಾಜಿನ ಮೇಲಿನ ಮಸಿ

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಛಾಯಾಚಿತ್ರ ಬಂದಾಗ ಇನ್ನು ಕಣ್ಣಿನ ದೋಷದ ಕಾಟ ತಪ್ಪಿತೆಂದು ಜನ ನಿಟ್ಟುಸಿರುಬಿಟ್ಟರು. ಗಾಜಿನ ಫಲಕ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆ. ಸುಳ್ಳು ಹೇಳುವುದಿಲ್ಲ, ದಿಟ. ಆದರೆ ತಾನು ಯಾವ ರಾತ್ರಿಯದೆಂದು ತಾನಾಗಿ ಹೇಳುವುದೂ ಇಲ್ಲ. ಅಮೆರಿಕದ ಹಾರ್ವರ್ಡ್ ವೇಧಶಾಲೆಯಲ್ಲಿ ಇಂಥ ಐದು ಲಕ್ಷಕ್ಕೂ ಮಿಕ್ಕ ಫಲಕಗಳಿವೆ. ಲೆಕ್ಕ ಮಾಡಲು ನೇಮಕವಾಗಿದ್ದ ಹೆಂಗಸರು ಗಾಜಿನ ಹಿಂಬದಿಯಲ್ಲಿ ಮಸಿಯಿಂದ ಗುರುತು ಹಾಕಿ, ಲಕೋಟೆಯ ಮೇಲೆ ವಿವರ ಬರೆಯುತ್ತಿದ್ದರು. ಮಿಣುಕುವ ನಕ್ಷತ್ರಗಳಿಂದ ದೂರವನ್ನು ಅಳೆಯುವ ದಾರಿ ತೋರಿಸಿದ ಹೆನ್ರಿಯೆಟಾ ಲೆವಿಟ್ ಅವರಲ್ಲಿ ಒಬ್ಬಳು. ಈಗಿನ ಶತಮಾನದಲ್ಲಿ ಈ ಫಲಕಗಳನ್ನು ಕಂಪ್ಯೂಟರಿಗೆ ಇಳಿಸಬೇಕಾದಾಗ ಧರ್ಮಸಂಕಟ ಎದುರಾಯಿತು. ಮಸಿಯನ್ನು ಒರೆಸದಿದ್ದರೆ ಕೆಳಗಿನ ನಕ್ಷತ್ರಗಳು ಕಾಣವು. ಒರೆಸಿದರೆ ಆ ಹೆಂಗಸರ ಶ್ರಮದ ಸಾಕ್ಷಿ ಅಳಿಯುತ್ತದೆ. ಮೊದಲು ಮಸಿಯ ಸಮೇತ ಒಂದು ಚಿತ್ರ ತೆಗೆದಿಟ್ಟು ಆಮೇಲೆ ಒರೆಸುವುದು, ಬಹಳ ಮುಖ್ಯವಾದ ಕೆಲವನ್ನು ಮುಟ್ಟದೆ ಬಿಡುವುದು ಎಂದು ನಿಶ್ಚಯಿಸಿದರು.

ನಮ್ಮ ಕಡೆಯ ಉದಾಹರಣೆ ಕೊಡೈಕೆನಾಲಿನದು. ಈಗ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿರುವ ಆ ವೇಧಶಾಲೆಯಲ್ಲಿ 20ನೆಯ ಶತಮಾನದ ಆರಂಭದಿಂದ ದಿನದಿನವೂ ಸೂರ್ಯನ ಛಾಯಾಚಿತ್ರ ತೆಗೆಯುತ್ತ ಬಂದರು. ಒಂದು ಶತಮಾನದ ಸೂರ್ಯನ ಚರಿತ್ರೆ ಅಲ್ಲಿದೆ. ಅವುಗಳನ್ನೂ ಕಂಪ್ಯೂಟರಿಗೆ ಇಳಿಸಿದ್ದಾರೆ. ಆದರೆ ಕನ್ನಡಿಯಿಂದ ಬೆಳಕನ್ನು ಒಳಗೆ ತರುವ ಇಂಥ ಉಪಕರಣಗಳಲ್ಲಿ ಹೊತ್ತು ಏರಿದಂತೆ ಸೂರ್ಯಬಿಂಬವೂ ತಿರುಗುತ್ತದೆ. ಚಿತ್ರ ತೆಗೆದ ವೇಳೆ ತಿಳಿಯದಿದ್ದರೆ ಬಿಂಬದ ಉತ್ತರ ಯಾವುದೆಂದು ತಿಳಿಯದು. ಉತ್ತರ ತಿಳಿಯದಿದ್ದರೆ ಸೂರ್ಯನ ಕಲೆ ಎಲ್ಲಿತ್ತೆಂದು ಹೇಳುವಂತಿಲ್ಲ.

ವೇಳೆ ಬರೆದಿದ್ದರೂ ಅದು ಯಾವ ವೇಳೆ ಎಂಬ ಪ್ರಶ್ನೆ ಉಳಿಯುತ್ತದೆ. 1906ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲಮಾನ ಬರುವ ಮುನ್ನ ಬಳಕೆಯಲ್ಲಿದ್ದ ಮದರಾಸು ಕಾಲಕ್ಕೂ ಈಗಿನ ಕಾಲಕ್ಕೂ ಹತ್ತಿರ ಹತ್ತಿರ 9 ನಿಮಿಷಗಳ ಅಂತರ. ಅದಕ್ಕಿಂತ ಸೋಜಿಗದ ಸಂಗತಿಯೆಂದರೆ 1924ರ ಕೊನೆಯವರೆಗೂ ಖಗೋಳಜ್ಞರ ದಿನ ಮಧ್ಯಾಹ್ನ ಹನ್ನೆರಡಕ್ಕೆ ಆರಂಭವಾಗುತ್ತಿತ್ತು. ರಾತ್ರಿಯ ನಡುವೆ ತಾರೀಖು ಬದಲಾಗದಿರಲೆಂದು ಮಾಡಿಕೊಂಡ ಏರ್ಪಾಟು ಅದು. ಹೀಗಾಗಿ ಊರಿನವರಿಗೆ ಮೇ 10ರ ಬೆಳಗಿನ ಜಾವ ಎರಡು ಗಂಟೆಯಾದರೆ ಅವರಿಗೆ ಮೇ 9ರ 14ನೆಯ ಗಂಟೆ. ಆ ಕಾಲದಲ್ಲಿ ಎಲ್ಲರಿಗೂ ತಿಳಿದಿದ್ದ ವಿಷಯವಾದ್ದರಿಂದ ಅದನ್ನು ಪ್ರತಿ ಸಲವೂ ಯಾರು ಬರೆದಾರು? ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ. ಗೊತ್ತಿದ್ದವರು ಹೋದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ.

ಎಂಬತ್ತು ಅಕ್ಷರದ ಸಾಲು

ಎರಡನೆಯ ಮಹಾಯುದ್ಧದ ಅನಂತರ ಕಂಪ್ಯೂಟರುಗಳು ಬಂದವು. ಒಂದೊಂದು ವೇಧಶಾಲೆ ತನಗೆ ತೋಚಿದ ರೀತಿಯಲ್ಲಿ ಟೇಪಿನ ಮೇಲೆ ಅಂಕಿಗಳನ್ನು ತುಂಬಿತು. ಒಬ್ಬರ ಟೇಪು ಇನ್ನೊಬ್ಬರಿಗೆ ಅರ್ಥವಾಗದ ಪರಿಸ್ಥಿತಿ. ಇದನ್ನು ನೀಗಿಸಲು ಅಮೆರಿಕದ ಡಾನ್ ವೆಲ್ಸ್, ಎರಿಕ್ ಗ್ರೈಸೆನ್ ಮತ್ತು ಹಾಲೆಂಡಿನ ರೊನಾಲ್ಡ್ ಹಾರ್ಟನ್ ಸೇರಿ ಒಂದು ಸಮಾನ ವಿಧಾನವನ್ನು ರೂಪಿಸಿ 1981ರಲ್ಲಿ ಪ್ರಕಟಿಸಿದರು. ‘ಫಿಟ್ಸ್’ ಎಂಬುದು ಅದರ ಹೆಸರು. 1982ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘ ಅದಕ್ಕೆ ಮುದ್ರೆ ಒತ್ತಿತು. ಅಂಕಿಗಳ ಮುಂದೆ ಒಂದು ತಲೆಬರಹ. ಅದರಲ್ಲಿ ಎಂಬತ್ತೆಂಬತ್ತು ಅಕ್ಷರಗಳ ಸಾಲುಗಳು. ಹಿಂದೆ ತೂತು ಕೊರೆದ ಕಾರ್ಡುಗಳಲ್ಲಿ 80 ಅಕ್ಷರ ಹಿಡಿಸುತ್ತಿದ್ದುದೇ ಈ ಸಂಖ್ಯೆಯ ಮೂಲ. ಕಾರ್ಡು ಮರೆಯಾದರೂ ಎಂಬತ್ತು ಉಳಿಯಿತು.

ವೀಕ್ಷಕನ ಹೆಸರಿಗೆ, ದೂರದರ್ಶಕಕ್ಕೆ, ಉಪಕರಣಕ್ಕೆ, ತಾರೀಖಿಗೆ ಈ ತಲೆಬರಹದಲ್ಲಿ ಒಂದೊಂದು ಸಾಲು ಗೊತ್ತುಮಾಡಿದರು. ಆಮೇಲೆ ಏನೇನು ಮಾಡಲಾಯಿತೆಂದು ಬರೆಯಲು ‘ಇತಿಹಾಸ’ ಎಂಬ ಸಾಲನ್ನೂ ಇಟ್ಟರು. ಆದರೆ ಕಡ್ಡಾಯವಾಗಿದ್ದ ಸಾಲುಗಳು ಚಿತ್ರದ ಅಗಲ ಉದ್ದಗಳಿಗೆ, ಅಂಕಿಗಳ ಬರವಣಿಗೆಯ ರೀತಿಗೆ ಸಂಬಂಧಿಸಿದವು ಮಾತ್ರ. ಅಂಕಿಯನ್ನು ಓದುವುದು ಹೇಗೆಂಬುದು ಕಟ್ಟಳೆ. ಅದು ಎಲ್ಲಿಂದ ಬಂತೆಂಬುದು ಅವರವರ ಇಷ್ಟ! ‘ಇತಿಹಾಸ’ದ ಸಾಲಿನಲ್ಲಿ ಒಬ್ಬ ಹತ್ತು ಸಾಲು ಬರೆದ, ಇನ್ನೊಬ್ಬ ಒಂದು ಬರೆದ, ಮತ್ತೊಬ್ಬ ಖಾಲಿ ಬಿಟ್ಟ. ತಾರೀಖಿನ ವರ್ಷಕ್ಕೆ ಎರಡೇ ಅಂಕಿ ಸಾಕೆಂದುಕೊಂಡಿದ್ದರು. 2000ನೆಯ ಇಸವಿ ಬಾಗಿಲು ತಟ್ಟುವಾಗ, 1997ರಲ್ಲಿ, ನಾಲ್ಕು ಅಂಕಿ ಬರೆಯಬೇಕೆಂದು ತಿದ್ದಿಕೊಂಡರು.

ಈ ಸಡಿಲ ಎಷ್ಟು ದುಬಾರಿಯಾಗಬಲ್ಲದೆಂದು ತೋರಿಸಿದ್ದು 1991ರ ಘಟನೆ. ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕಿನ ಆಂಡ್ರೂ ಲೈನ್ ಮತ್ತು ಸಂಗಡಿಗರು ಪಲ್ಸಾರ್ ಎಂಬ ಮಿಡಿಯುವ ನಕ್ಷತ್ರವೊಂದರ ಸುತ್ತ ಗ್ರಹವಿದೆಯೆಂದೂ ಅದು ಆರು ತಿಂಗಳಿಗೊಮ್ಮೆ ಸುತ್ತುತ್ತದೆಯೆಂದೂ ಪ್ರಕಟಿಸಿದರು. ಜಗತ್ತೆಲ್ಲ ಬೆರಗಾಯಿತು. ಕೆಲವು ತಿಂಗಳಾದ ಮೇಲೆ ಲೈನ್ ತಮ್ಮ ಲೆಕ್ಕವನ್ನು ಮತ್ತೆ ತೆಗೆದರು. ಮೊದಮೊದಲು ಒರಟು ಅಂದಾಜಿನಿಂದ ಹಾಕಿದ್ದ ನಕ್ಷತ್ರದ ಸ್ಥಾನವೂ, ಭೂಮಿಯ ಕಕ್ಷೆಯನ್ನು ವೃತ್ತವೆಂದು ಹಿಡಿದ ಸುಲಭ ಲೆಕ್ಕವೂ ಸೇರಿ ಆರು ತಿಂಗಳ ಏರಿಳಿತವನ್ನು ಹುಟ್ಟಿಸಿದ್ದವು. ಒಳ್ಳೆಯ ಸ್ಥಾನ ದೊರೆತ ಮೇಲೆ ಲೆಕ್ಕವನ್ನು ಬುಡದಿಂದ ಮಾಡಬೇಕಾಗಿತ್ತು, ಅದು ಆಗಿರಲಿಲ್ಲ. ಗ್ರಹವೆಂದು ಕಂಡದ್ದು ನಮ್ಮ ಭೂಮಿಯ ನಡಿಗೆಯ ನೆರಳು! 1992ರ ಜನವರಿಯಲ್ಲಿ ಅಟ್ಲಾಂಟದ ಸಭೆಯಲ್ಲಿ ಲೈನ್ ಎದ್ದುನಿಂತು ಗ್ರಹವಿಲ್ಲವೆಂದು ಒಪ್ಪಿಕೊಂಡರು. ಸಭೆ ದೀರ್ಘವಾದ ಕರತಾಡನದಿಂದ ಅವರ ಪ್ರಾಮಾಣಿಕತೆಯನ್ನು ಗೌರವಿಸಿತು. ಅದೇ ತಿಂಗಳು ವೋಲ್ಷ್‌ಚಾನ್ ಮತ್ತು ಫ್ರೇಲ್ ಬೇರೊಂದು ಪಲ್ಸಾರಿನ ಸುತ್ತ ಗ್ರಹಗಳಿರುವುದನ್ನು ಪ್ರಕಟಿಸಿದರು. ಅವರ ನಕ್ಷತ್ರದ ಸ್ಥಾನವನ್ನು ಬೇರೆಯೇ ದೂರದರ್ಶಕಗಳಿಂದ ಪ್ರತ್ಯೇಕವಾಗಿ ನಿಖರವಾಗಿ ಅಳೆದಿದ್ದರು. ಆ ಗ್ರಹಗಳು ಇಂದಿಗೂ ನಿಂತಿವೆ.

2002ರಲ್ಲಿ ನಾನಾ ದೇಶಗಳ ದಾಖಲೆಗಳನ್ನು ಒಂದೇ ಜಾಲದಲ್ಲಿ ಬೆಸೆಯಲು ಒಂದು ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಅಂಕಿಯ ಮೂಲವನ್ನು ಬರೆಯುವ ಕ್ರಮವನ್ನೂ ಗೊತ್ತುಮಾಡಬೇಕೆಂದು ಅಲ್ಲಿ ವರ್ಷಗಟ್ಟಲೆ ಚರ್ಚೆ ನಡೆದು, 2020ರ ಏಪ್ರಿಲಿನಲ್ಲಿ ಒಂದು ಒಪ್ಪಿತ ಮಾದರಿ ಹೊರಬಂತು. ಅದರ ತಿರುಳು ಮೂರೇ ಮಾತು: ವಸ್ತು ಯಾವುದು, ಅದರ ಮೇಲೆ ನಡೆದ ಕ್ರಿಯೆ ಯಾವುದು, ಮಾಡಿದವರು ಯಾರು. ನಮ್ಮ ಶಾನುಭೋಗರಿಗೆ ತಿಳಿದಿದ್ದ ಸಂಗತಿಯೇ! ಆದರೆ ಯಂತ್ರಕ್ಕೂ ಓದಲು ಬರುವಂತೆ ಅದನ್ನು ಬರೆಯುವುದು ಸುಲಭದ ಕೆಲಸವಾಗಿರಲಿಲ್ಲ.

ಇಷ್ಟು ತಡವೇಕೆ? ಬುದ್ಧಿ ಸಾಲದೆ ಅಲ್ಲ. ಮೂಲವನ್ನು ಬರೆಯುವ ಶ್ರಮ ಇಂದಿನವನದು, ಫಲ ಮುಂದಿನವನದು. ವಾಯುಭಾರವನ್ನು ಗುರುತು ಹಾಕಿದ ಬ್ರಾಡ್ಲಿಗೆ ಬೆಸೆಲ್ ಯಾರೆಂದು ತಿಳಿದಿರಲಿಲ್ಲ. ಹೊಸ ನಕ್ಷತ್ರ ಕಂಡವನಿಗೆ ಕೀರ್ತಿಯುಂಟು. ತಲೆಬರಹವನ್ನು ಪೂರ್ತಿ ತುಂಬಿದವನಿಗೆ ಯಾರೂ ಹಾರ ಹಾಕುವುದಿಲ್ಲ. ಅದರ ಮೇಲೆ, ಮೂಲವನ್ನು ಬಿಚ್ಚಿಟ್ಟರೆ ನಮ್ಮ ತಪ್ಪೂ ಬಯಲಾಗುತ್ತದೆಂಬ ಅಳುಕು ಬೇರೆ.

2025ರಲ್ಲಿ ಚಿಲಿ ದೇಶದ ಬೆಟ್ಟದ ಮೇಲಿನ ರೂಬಿನ್ ವೇಧಶಾಲೆ ತನ್ನ ಮೊದಲ ಚಿತ್ರಗಳನ್ನು ಜಗತ್ತಿಗೆ ತೋರಿಸಿತು. ಒಂದೊಂದು ರಾತ್ರಿ ಅಲ್ಲಿ ಕೂಡುವ ಅಂಕಿಗಳನ್ನು ಕಣ್ಣಿನಿಂದ ಓದಿ ಮುಗಿಸುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಯಂತ್ರವೇ ನೋಡಿ, ಯಂತ್ರವೇ ತಿದ್ದಿ, ಯಂತ್ರವೇ ಆರಿಸಿ ಕೊಡುತ್ತದೆ. ಎರಡು ದಿನದಲ್ಲಿ ಒಂದಿಷ್ಟು ಸರಿದ ಮಂದ ನಕ್ಷತ್ರವೊಂದನ್ನು ಆ ಯಂತ್ರ ದೋಷವೆಂದು ಬಗೆದು ತಳ್ಳಿಹಾಕಿದರೆ, ತಳ್ಳಿದ್ದನ್ನೂ ತಳ್ಳಿದ ಕಾರಣವನ್ನೂ ಎಲ್ಲೋ ಒಂದು ಕಡೆ ಬರೆದಿಟ್ಟಿರಬೇಕು. ಪ್ಯಾರಿಸ್ಸಿನ ಆ ದಿನಚರಿ ಅಷ್ಟನ್ನು ಮಾಡಿತ್ತು.